ಬಾಲದಲ್ಲಿ ಲಂಗರು

ಎರಡನೇ ಪಿಯುಸಿ, ಬಿ ವಿಭಾಗ, ಊಟದ ನಂತರದ ತಾಸು.
ಕರೆಂಟಿಲ್ಲ. ಬೈತಖೋಲದ ಬಂಗಡೆ ವಾಸನೆ
ಕಿಟಕಿಯಿಂದ ಬಂದು ಬೆಂಚು ಬೆಂಚಿಗೂ
ಹಾಜರಿ ಹಾಕಿ ಹೋಗುತ್ತದೆ.
ಕರಿಹಲಗೆಯ ಮೇಲೆ ನಾನು ಬರೆದದ್ದು
ಒಂದು ಸೊಟ್ಟ ವೃತ್ತ, ಜೀವಕೋಶ ಅನ್ನಿ,
ಒಳಗೆ ಚೀಲ, ಮಡಿಕೆ, ಕೊಳವೆ,
ಒಂದೊಂದಕ್ಕೂ ಎಣ್ಣೆಯ ಗೋಡೆ.

ಪ್ರೋಟೀನು ಹುಟ್ಟುವುದು ನೂಲಿನ ಹಾಗೆ, ಎಂದೆ,
ತಲೆ ಮೊದಲು.
ಗೋಡೆಗೆ ಹೋಗುವ ಎಷ್ಟೋ ನೂಲುಗಳ ವಿಳಾಸ
ತಲೆಯ ಹತ್ತಿರವೇ ಇರುತ್ತದೆ.
ಅರ್ಧ ನೂಲುವಾಗಲೇ ಯಾರೋ ಅದನ್ನು ಓದಿ
ರಾಟೆಸಮೇತ ಎಳೆದೊಯ್ದು
ಗೋಡೆಯ ಬಾಗಿಲಿಗೆ ಹಚ್ಚುತ್ತಾರೆ.
ಮೂರು ಅಂಕಕ್ಕೆ ಅಷ್ಟು ಸಾಕು.

ಇನ್ನು ಕೆಲವಿವೆ, ಪರೀಕ್ಷೆಗೆ ಬಾರದವು,
ಲಂಗರು ಬಾಲದಲ್ಲಿರುವಂಥವು.
ಬಾಲ ಹೊರಬೀಳುವುದೇ ಕೊನೆಗೆ. ಅಷ್ಟರಲ್ಲಿ
ರಾಟೆ ಕೈಬಿಟ್ಟಾಗಿರುತ್ತದೆ.
ಸುತ್ತ ನೀರು. ಬಾಲವೋ ಬರೀ ಜಿಡ್ಡು,
ಇಪ್ಪತ್ತು ಮಣಿಯಷ್ಟು ಉದ್ದ, ನೀರು ಕಂಡರಾಗದು.
ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿ
ಗಂಟು, ಮುದ್ದೆ, ಕಸ.

ಕೊನೆಯ ಬೆಂಚಿನಿಂದ ರೋಶನಿ ತಾಂಡೇಲ:
'ಲಂಗರು ಬಾಲದಲ್ಲಿ ಇರೂದಿಲ್ಲ ಮಿಸ್.
ಮೂತಿಗೆ ಕಟ್ಟೂದು. ಹಿಂದೆ ಕಟ್ಟಿದ್ರೆ
ತೆರೆ ಹಿಂದಿಂದ ಹತ್ತಿ ದೋಣಿ ಮುಳುಗ್ತದೆ.'
ತರಗತಿಗೆ ತರಗತಿಯೇ ನಕ್ಕಿತು. ನಾನೂ.
ಗದಗದಿಂದ ಬಂದು ಹನ್ನೊಂದು ವರ್ಷ,
ದೋಣಿ ಹತ್ತಿದ್ದು ಒಂದೇ ಸಲ, ಅದೂ ಕಣ್ಣು ಮುಚ್ಚಿ.

'ಮತ್ತೆ ಅದನ್ನ ನೀರು ದಾಟ್ಸೂದು ಯಾರು?'

ಒಂದು ಬೊಗಸೆಯಿದೆ, ಎಂದೆ.
ಕೈಯೆರಡೂ ಕೂಡಿದರೆ ನಡುವೆ ಜಿಡ್ಡಿನ ಪೊಟರೆ,
ಬಾಲ ಅದರೊಳಗೆ, ಉಳಿದ ಮೈ ಹೊರಗೆ ಜೋತಾಡುತ್ತ.
ದಡ ಸಿಗುವ ತನಕ ಬೊಗಸೆ ಬಿಚ್ಚುವುದಿಲ್ಲ.
ದಡದಲ್ಲಿ ಇಬ್ಬರು:
ಒಬ್ಬರು ದೂರದಿಂದಲೇ ಕೈಚಾಚಿ ಹಿಡಿಯುತ್ತಾರೆ,
ಇನ್ನೊಬ್ಬರು ಬೊಗಸೆಯ ಸಂದಿಯಲ್ಲಿ ಬೆರಳಿಟ್ಟು
ಮೆಲ್ಲಗೆ ಬಿಡಿಸುತ್ತಾರೆ.
ಬಾಲ ಎಣ್ಣೆಗೆ ಇಳಿಯುತ್ತದೆ.
ಆಮೇಲೆ ಅದು ಆ ಗೋಡೆಯದೇ.

'ತಪ್ಪಿ ಬೇರೆ ಗೋಡೆಗೆ ನೆಟ್ರೆ?'

ಆಗುತ್ತದೆ. ಬೊಗಸೆ ಸಾಲದ ದಿನ
ಪಕ್ಕದ ಮೈಟೊಕಾಂಡ್ರಿಯಾಕ್ಕೆ ಹೋಗಿ ನೆಡುವುದುಂಟು.
ಅಲ್ಲಿ ಆರು ಜನ ಸುತ್ತುಗಟ್ಟಿ ಕೂತಿರುತ್ತಾರೆ,
ನಮ್ಮದಲ್ಲ ಅನಿಸಿದ್ದನ್ನು ಬುಡಸಹಿತ ಕೀಳುತ್ತಾರೆ.
ಕೆಲವು ಚೂರಾಗುತ್ತವೆ.
ಕೆಲವಕ್ಕೆ ಇನ್ನೊಮ್ಮೆ ಸರಿಯಾದ ಗೋಡೆ ಸಿಗುತ್ತದೆ.

ಅವಳು ಪೆನ್ನಿನ ಮುಚ್ಚಳ ಕಚ್ಚಿದಳು.
'ನಮ್ಮನ್ನ ಕಿತ್ತದ್ದು ಸರಿ ಗೋಡೆಯಿಂದ್ಲೇ ಮಿಸ್.'

ಅವಳ ಅಜ್ಜಿಯ ಕೇರಿ ಈಗ
ನೌಕಾನೆಲೆಯ ಕಂಪೌಂಡಿನೊಳಗಿದೆ.
ಅವಳು ಹುಟ್ಟಿದ್ದು ಪುನರ್ವಸತಿ ಕಾಲೊನಿಯಲ್ಲಿ,
ಮನೆಗೆ ನಂಬರಿದೆ, ಮಹಡಿಗೆ ಹತ್ತಿದರೂ ಕಡಲು ಕಾಣದು.
ನಾನು ಡಸ್ಟರು ಕೈಗೆತ್ತಿಕೊಂಡೆ,
ಏನು ಒರೆಸಬೇಕೆಂದು ತಿಳಿಯದೆ
ಸೊಟ್ಟ ವೃತ್ತವನ್ನೇ ಇನ್ನೊಂದು ಸಲ ತಿದ್ದಿದೆ.
ಗಂಟೆ ಹೊಡೆಯಿತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಂಕೋಲಾ ಬಸ್ಸು.
ಕಂಡಕ್ಟರ್ ಮೆಟ್ಟಿಲಲ್ಲಿ ಅಡ್ಡ ನಿಂತು
'ಮೀನು ಬುಟ್ಟಿ ಬೇಡ, ನೀರು ಸೋರ್ತದೆ' ಅನ್ನುತ್ತಿದ್ದ.
ಬುಟ್ಟಿಯ ಮುದುಕಿ ವಾದಿಸಲಿಲ್ಲ.
ಒಳಗಿದ್ದ ಒಬ್ಬಳು ಕಿಟಕಿಯಿಂದ ಕೈಚಾಚಿದಳು,
ಕೆಳಗಿದ್ದವಳು ನನ್ನತ್ತ ನೋಡಿದಳು,
ನಾನು ನೋಟ್ಸು ಕಂಕುಳಿಗೆ ಸಿಕ್ಕಿಸಿ
ಬುಟ್ಟಿಯ ಇನ್ನೊಂದು ಅಂಚು ಹಿಡಿದೆ.
ಅದು ಒಳಗೆ ಹೋಯಿತು. ಹಿಂದೆಯೇ ಅಜ್ಜಿ.
ರೋಶನಿಯ ಅಜ್ಜಿಯೋ, ಬೇರೆ ಯಾರದೋ, ಕೇಳಲಿಲ್ಲ.

ರಾತ್ರಿ ಎರಡು ಸಲ ಸೋಪು ಹಚ್ಚಿ ತೊಳೆದೆ.
ಬೆರಳ ಸಂದಿಯಲ್ಲಿ ತಾರ್ಲೆಯ ಜಿಡ್ಡು
ಇನ್ನೂ ಇತ್ತು. ಹಾಗೇ ಕೂತು
ಉತ್ತರಪತ್ರಿಕೆ ತಿದ್ದಿದೆ.